ನಾಲ್ಕು ಹೊತ್ತಿನ ಹನಿ

ಫೋವಾ ದ್ವೀಪ, ಹಾಪೈ
ಬುಧವಾರ, ೩ ಆಗಸ್ಟ್ ೨೦೧೧

ಪ್ರೀತಿಯ ಮಗಳು ತೆಲೆಸಿಯಾಳಿಗೆ,

ನಿನ್ನ ಅಪ್ಪ ಪೆನಿಸಿಮಾನಿಯ ಆಶೀರ್ವಾದಗಳು. ನೀನೂ ನಿನ್ನ ಚಿಕ್ಕಮ್ಮನೂ ರಾಜಧಾನಿಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳೂ ತಲುಪಿವೆ. ಕ್ರಿಸ್‌ಮಸ್ಸಿಗೆ ಕಳಿಸಿದ ಅಂಗಿಯೂ ಬಂತು, ತೋಳು ಸ್ವಲ್ಪ ಉದ್ದ, ಮಡಚಿ ಹಾಕಿಕೊಳ್ಳುತ್ತೇನೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಕಣ್ಣು ಕಾಣಿಸುವುದಿಲ್ಲ ಎಂಬ ನೆಪ ಕೈಗೆಟುಕುವಂತೆಯೇ ಇತ್ತು, ಕುರುಡನ ನೆಪವನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ಆದರೆ ಮನಸ್ಸು ಮಾಡಿದ್ದರೆ ಬರೆಯಬಹುದಿತ್ತು. ಈಗ ಬರೆಯುತ್ತಿಲ್ಲವೇ?

ಪಾದ್ರಿಯವರ ಹೆಂಡತಿ ಮಕ್ಕಳ ತರಗತಿಗೆ ತಂದಿಟ್ಟಿದ್ದ ದಪ್ಪ ಕಪ್ಪು ಪೆನ್ನನ್ನು ಕೇಳಿ ತಂದಿದ್ದೇನೆ. ಪುಟಕ್ಕೆ ಏಳೆಂಟು ಸಾಲು ಹಿಡಿಸುತ್ತದೆ. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರೆ ಬಲಗಣ್ಣಿಗೆ ಅಕ್ಷರದ ನೆರಳು ಕಾಣುತ್ತದೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ತಾಳ್ಮೆಯಿಂದ ಬಿಡಿಸಿ ಓದು. ಇದು ಇನ್ನೊಬ್ಬರ ಕೈಯಲ್ಲಿ ಬರೆಸುವ ಕಾಗದವಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಹಿಡಿದರೆ ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ಗಾಳಿ ಹೇಗಿದೆ, ಹಂದಿ ಎಷ್ಟು ಮರಿ ಹಾಕಿತು ಎಂದು ನಾಲ್ಕು ಮಾತಾಡಿ ಇಟ್ಟುಬಿಡುತ್ತೇನೆ.

ಊರಿನ ಸುದ್ದಿ ಹೆಚ್ಚೇನಿಲ್ಲ. ತಿಮಿಂಗಿಲಗಳು ಬಂದಿವೆ. ನನಗೆ ಕಾಣುವುದಿಲ್ಲ, ಬೆಳಿಗ್ಗೆ ದಂಡೆಯಲ್ಲಿ ಕೂತರೆ ಅವು ಉಸಿರು ಬಿಡುವುದು ಕೇಳಿಸುತ್ತದೆ. ಚರ್ಚಿನ ಹಾಡಿನ ಮೇಳ ನಡೆಯುತ್ತಿದೆ. ಹಲಗೆಯ ಮೇಲೆ ಸ್ವರದ ಅಂಕಿಗಳನ್ನು ಈಗ ಗಂಡಸರ ಸಾಲಿನ ಮೈಕೊಲೊ ಬರೆಯುತ್ತಾನೆ, ನಾನು ಬಾಯಲ್ಲಿ ಹೇಳುತ್ತೇನೆ. ಅವನ ಐದು ನೋಡಲು ಮೂರರಂತೆ ಇರುತ್ತದಂತೆ. ಅರ್ಧ ಜನ ಐದು ಹಾಡುತ್ತಾರೆ, ಅರ್ಧ ಜನ ಮೂರು ಹಾಡುತ್ತಾರೆ, ನಾನು ಎಲ್ಲರನ್ನೂ ಬೈಯುತ್ತೇನೆ. ಹೋದ ವಾರ ಎರಡನೆಯ ಸಾಲಿನವಳು ಬಾಯಿ ಬಿಟ್ಟು ಹಾಡುತ್ತಿಲ್ಲವೆಂದು ಗದರಿದೆ. ಅಲ್ಲಿ ಯಾರೂ ಇರಲಿಲ್ಲವಂತೆ, ಬೆಂಚಿನ ಮೇಲೆ ಯಾರೋ ಸೊಂಟಕ್ಕೆ ಉಡುವ ಚಾಪೆಯನ್ನು ಬಿಚ್ಚಿ ಸುತ್ತಿಟ್ಟಿದ್ದರು. "ಗುರುಗಳೇ, ಚಾಪೆಯಿಂದ ಇಷ್ಟು ಸ್ವರ ಬಂದದ್ದೇ ದೊಡ್ಡದು, ಬಿಟ್ಬಿಡಿ" ಎಂದ ಮೈಕೊಲೊ. ಎಲ್ಲರೂ ನಕ್ಕರು, ನಾನೂ ನಕ್ಕೆ.

ವಿಷಯಕ್ಕೆ ಬರುತ್ತೇನೆ. ಇದೇ ಇಪ್ಪತ್ತೆರಡನೆಯ ತಾರೀಕು, ಸೋಮವಾರ, ಕಣ್ಣಿನ ಡಾಕ್ಟರುಗಳ ತಂಡ ಮತ್ತೆ ಹಾಪೈಗೆ ಬರುತ್ತಿದೆ. ನನ್ನ ಬಲಗಣ್ಣಿನ ಪೊರೆ ತೆಗೆಯಬೇಕು. ನನಗೆ ಉಳಿದಿರುವುದು ಅದೊಂದೇ ಕಣ್ಣು. ಆಮೇಲೆ ನಾಲ್ಕು ವಾರ, ದಿನಕ್ಕೆ ನಾಲ್ಕು ಹೊತ್ತು ಹನಿ ಹಾಕಲು ಮನೆಯಲ್ಲಿ ಒಬ್ಬರು ಇದ್ದಾರೆಂದು ಖಾತ್ರಿಯಾಗದ ಹೊರತು ನನ್ನನ್ನು ಮೇಜಿನ ಮೇಲೆ ಮಲಗಿಸುವುದಿಲ್ಲವೆಂದು ನರ್ಸ್ ಫುಸಿ ಹೇಳಿಬಿಟ್ಟಿದ್ದಾಳೆ. ನಾನು ನಿನ್ನ ಹೆಸರು ಬರೆಸಿ ಬಂದಿದ್ದೇನೆ. ನಿನ್ನನ್ನು ಕೇಳದೆಯೇ ಬರೆಸಿದೆ.

ಆ ಹೆಸರು ಬರೆಸುವುದು ಸುಲಭವಾಗಿರಲಿಲ್ಲ. ಹೋದ ತಿಂಗಳು ಫುಸಿಯ ಬಳಿ ಹೋದಾಗ ಅವಳು ಹಳೆಯ ಕಡತ ತೆಗೆದು ನೋಡಿದಳು. "ಹಿಂದಿನ ಸಲ ಮಗಳು ಹನಿ ಹಾಕ್ತಿದ್ಲು, ಕೈ ಸ್ವಚ್ಛ ಇರ್ಲಿಲ್ಲ, ಸೋಂಕಾಯ್ತು ಅಂತ ಬರ್ದಿದ್ದಾರೆ. ಈ ಸಲ ಬೇರೆ ಯಾರನ್ನಾದ್ರೂ ನೋಡಿ ಗುರುಗಳೇ" ಎಂದಳು.

"ಅದನ್ನ ಹೊಡೆದು ಹಾಕು" ಎಂದೆ.

"ಯಾವುದನ್ನ?"

"ಮಗಳು ಅಂತ ಇದೆಯಲ್ಲ, ಅದನ್ನ."

"ಮತ್ತೆ ಹಾಕಿದ್ದು ಯಾರು?"

"ನಾನೇ."

ಅವಳು ಖಾಲಿ ಬಾಟಲಿಯೊಂದಕ್ಕೆ ನೀರು ತುಂಬಿ ನನ್ನ ಕೈಗೆ ಕೊಟ್ಟಳು. "ಹೇಗೆ ಹಾಕ್ಕೋತಿದ್ರಿ, ತೋರ್ಸಿ ನೋಡೋಣ."

ನಾನು ತಲೆ ಹಿಂದಕ್ಕೆ ಬಾಗಿಸಿ ಹಿಂಡಿದೆ. ಒಂದು ಕೆನ್ನೆಗೆ ಬಿತ್ತು, ಒಂದು ಮೀಸೆಗೆ. ಮೂರನೆಯ ಸಲ ಎಲ್ಲೋ ತಣ್ಣಗಾಯಿತು. "ಹೂಂ, ಬಿತ್ತು" ಎಂದೆ, ಗೆದ್ದವನ ಹಾಗೆ.

"ಕಿವಿಗೆ ಬಿತ್ತು ಗುರುಗಳೇ. ಬಾಟಲಿ ಮೂತಿ ರೆಪ್ಪೆಗೆಲ್ಲ ತಿಕ್ತು. ದಿನಾ ಹೀಗೇನಾ?"

"ಹೀಗೇ."

"ಕೆಳಗೆ ಬೀಳ್ತಿತ್ತಾ?"

"ಒಂದೆರಡು ಸಲ."

"ಬಿದ್ದಾಗ?"

"ಅಂಗಿಗೆ ಒರೆಸ್ಕೋತಿದ್ದೆ."

ಆ ಅಂಗಿಗೆ ನಾನು ಮೀನು ಹೆಚ್ಚಿದ ಕೈಯನ್ನೂ ಒರೆಸುತ್ತಿದ್ದೆ ಎಂದು ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಫುಸಿ ಚಿಕ್ಕವಳು, ನನ್ನ ಮೇಳದಲ್ಲೇ ಹಾಡು ಕಲಿತವಳು, ನನ್ನನ್ನು ಬೈಯುವಂತಿಲ್ಲ. ಎದ್ದು ಹೋಗಿ ತೊಳೆದ ಕೈಯನ್ನೇ ಮತ್ತೆ ತೊಳೆದುಕೊಂಡು ಬಂದಳು. ಆಮೇಲೆ ಕಡತದಲ್ಲಿ ಆ ಸಾಲನ್ನು ಹೊಡೆದು ಹಾಕಿದಳು.

ಕಣ್ಣಲ್ಲಿ ನೀರು ಬರುತ್ತಿದೆ, ಬಗ್ಗಿ ಬರೆದದ್ದಕ್ಕೆ. ನಾಳೆ ಮುಂದುವರಿಸುತ್ತೇನೆ.

ಗುರುವಾರ

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಎನ್ನಿಸಬಹುದು. ನನಗೂ ಗೊತ್ತಿತ್ತು ಎಂಬುದು ನಿನಗೆ ಗೊತ್ತಾಗಬೇಕು, ಅದಕ್ಕೆ.

ಹೋದ ನವೆಂಬರಿನಲ್ಲಿ ಎಡಗಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಮೊದಲು ನೋಡಿದ್ದು ಆಸ್ಪತ್ರೆಯ ಗೋಡೆಯನ್ನು. ಅದು ಹಸಿರು ಬಣ್ಣದ್ದೆಂದು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಿನ್ನನ್ನು ನೋಡಿದೆ. ಮೂವತ್ತೆರಡಕ್ಕೇ ನಿನ್ನ ತಲೆಯಲ್ಲಿ ನಾಲ್ಕು ಬಿಳಿ ಕೂದಲು. ನಿನ್ನ ಅಮ್ಮ ಸತ್ತ ಆರು ವರ್ಷದಲ್ಲಿ ನನ್ನ ಮನೆ ನೋಡಿಕೊಂಡೇ ಬಂದ ಕೂದಲು ಅವು. ಅದನ್ನು ಹೇಳಬೇಕೆಂದುಕೊಂಡು, "ಗೋಡೆ ಹಸಿರಾಗಿದೆಯಲ್ಲ" ಎಂದಷ್ಟೇ ಹೇಳಿದೆ.

ಡಾಕ್ಟರು ಆಗಲೇ ಹೇಳಿದ್ದರು, ರೋಗಿ ತಾನೇ ಹನಿ ಹಾಕಿಕೊಳ್ಳಬಾರದು, ಮಗಳು ಹಾಕಬೇಕು ಎಂದು. ನೀನು ತಲೆ ತಗ್ಗಿಸಿ "ಆಗಲಿ" ಎಂದೆ. ಅದು ಆಗುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಡಾಕ್ಟರು ದೂರದಿಂದ ಬಂದವರು, ಅವರಿಗೆ ತಿಳಿಯದು. ತಿಳಿದ ನಾವಿಬ್ಬರೂ ಬಾಯಿ ಬಿಡಲಿಲ್ಲ.

ಅಪ್ಪನ ತಲೆಯನ್ನು ಮಕ್ಕಳು ಮುಟ್ಟುವಂತಿಲ್ಲ, ನಾನು ಬೆಳೆದದ್ದೇ ಹಾಗೆ ಮಗಳೇ. ನನ್ನ ಅಪ್ಪನ ಬಾಚಣಿಗೆಯನ್ನು ನಾನು ಮುಟ್ಟಿದವನಲ್ಲ, ಅವನ ತಟ್ಟೆಯಲ್ಲಿ ಉಳಿದದ್ದನ್ನು ತಿಂದವನಲ್ಲ, ಅವನು ಸತ್ತಾಗಲೂ ತಲೆಯ ಕಡೆಗೆ ಹೋದವನಲ್ಲ. ನೀನು ಎರಡು ವರ್ಷದವಳಿದ್ದಾಗ ನನ್ನ ಹೆಗಲೇರಿ ಕೂದಲು ಹಿಡಿದುಕೊಂಡಿದ್ದೆ. ನಿನ್ನ ಅಮ್ಮ ಓಡಿ ಬಂದು ನಿನ್ನ ಕೈಗೆ ಒಂದೇಟು ಕೊಟ್ಟು ಕೆಳಗಿಳಿಸಿದಳು. ಅದಾದ ಮೇಲೆ ನೀನು ಒಮ್ಮೆಯೂ ಮುಟ್ಟಲಿಲ್ಲ. ಅವಳು ಇದ್ದಿದ್ದರೆ ಹನಿ ಅವಳೇ ಹಾಕುತ್ತಿದ್ದಳು, ಹೆಂಡತಿಗೆ ಅಡ್ಡಿಯಿಲ್ಲ.

ಮನೆಗೆ ಬಂದ ದಿನ ನೀನು ಉಗುರು ಕತ್ತರಿಸಿಕೊಂಡು, ಸಾಬೂನು ಹಾಕಿ ಎರಡು ಸಲ ಕೈ ತೊಳೆದು, ಬಾಟಲಿ ಹಿಡಿದು ಬಾಗಿಲಲ್ಲಿ ನಿಂತೆ.

"ಅಪ್ಪಾ, ನಾನು ಹಾಕ್ಲಾ?"

"ಅಲ್ಲಿ ಇಟ್ಟು ಹೋಗು."

"ಡಾಕ್ಟ್ರು ಅಷ್ಟು ಹೇಳಿದ್ದಾರಲ್ಲ ಅಪ್ಪಾ."

"ಡಾಕ್ಟ್ರು ನಮ್ಮ ಮನೇಲಿ ಹುಟ್ಟಿದ್ದಾರಾ? ಅಪ್ಪನ ತಲೆ ಮೇಲೆ ಮಗಳು ಕೈ ಇಡೋದಾ? ಇಟ್ಟು ಹೋಗು ಅಂದೆನಲ್ಲ."

"ಹಾಗಾದ್ರೆ ಫುಸಿನ ಕರ್ಕೊಂಡು ಬರ್ತೀನಿ."

"ದಿನಕ್ಕೆ ನಾಲ್ಕು ಸಲ ಅವಳು ಸೈಕಲ್ ತುಳ್ಕೊಂಡು ಬರೋಕೆ ನಾನೇನು ರಾಜನಾ?"

ನೀನು ಬಾಟಲಿ ಇಟ್ಟು ಹೊರಗೆ ನಿಂತೆ. ದಿನಕ್ಕೆ ನಾಲ್ಕು ಹೊತ್ತೂ ಬಾಗಿಲ ಆಚೆಯಿಂದ "ಹಾಕ್ಕೊಂಡ್ರಾ?" ಎಂದು ಕೇಳುತ್ತಿದ್ದೆ, ನಾನು "ಹಾಕ್ಕೊಂಡೆ, ಹಾಕ್ಕೊಂಡೆ" ಎನ್ನುತ್ತಿದ್ದೆ. ಅದರಲ್ಲಿ ಕಟ್ಟಳೆ ಎಷ್ಟಿತ್ತು, ನನ್ನ ಜಂಬ ಎಷ್ಟಿತ್ತು ಎಂದು ಈಗ ಕೇಳಿದರೆ ನನಗೇ ಬಿಡಿಸಿ ಹೇಳಲಾಗುವುದಿಲ್ಲ.

ಅದೇ ವಾರ ಶುಕ್ರವಾರ ಸಂಜೆ ಕಣ್ಣು ಚುಚ್ಚತೊಡಗಿತು. ಶನಿವಾರ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿತ್ತು. ಅವತ್ತು ದೋಣಿ ಇತ್ತು, ಹೇಳಿದ್ದರೆ ಸಿಗುತ್ತಿತ್ತು. ಆದರೆ ಮಾರನೆಯ ದಿನ ಹೊಸ ಕಣ್ಣಿನ ಗುರುಗಳನ್ನು ನೋಡಲು ಪಕ್ಕದ ದ್ವೀಪದಿಂದಲೂ ಜನ ಬರುವವರಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಭಾನುವಾರ ಹಾಡಿಸಿದೆ. ತಲೆಯ ಆ ಅರ್ಧ ಸಿಡಿಯುತ್ತಿತ್ತು. ಜನ ನಾನು ಹಾಡಿಗೆ ಅಳುತ್ತಿದ್ದೇನೆ ಎಂದುಕೊಂಡರು. ಭಾನುವಾರ ನಮ್ಮಲ್ಲಿ ದೋಣಿಯೂ ಇಲ್ಲ, ವಿಮಾನವೂ ಇಲ್ಲ. ಸೋಮವಾರ ನನ್ನ ಕೆನ್ನೆಯ ಮೇಲೆ ಕೀವು ಇಳಿದದ್ದನ್ನು ನೋಡಿ ನೀನು ಕೂಗಿಕೊಂಡೆ.

ರಾಜಧಾನಿಯ ಡಾಕ್ಟರು ಕಣ್ಣಿನೊಳಗೇ ಎರಡು ಸಲ ಸೂಜಿ ಹಾಕಿ ಔಷಧಿ ಬಿಟ್ಟರು. ಎರಡು ದಿನ ಮೊದಲು ಬಂದಿದ್ದರೆ ಕಣ್ಣು ಉಳಿಸಲು ನೋಡಬಹುದಿತ್ತು ಎಂದರು. ಹನಿ ಯಾರು ಹಾಕುತ್ತಿದ್ದರು ಎಂದು ಅವರು ಕೇಳಿದಾಗ ನೀನು "ನಾನೇ" ಎಂದೆಯಂತೆ. ಜೊತೆಗೆ ಬಂದಿದ್ದ ಮೈಕೊಲೊ, ಚರ್ಚಿನ ಹಿರಿಯರು ಇಬ್ಬರು, ಎಲ್ಲರೂ ಅಲ್ಲೇ ಇದ್ದರಂತೆ. ನಾನು ಸೂಜಿಯ ಮಂಪರಿನಲ್ಲಿ ನಿದ್ದೆ ಹೋಗಿದ್ದೆ. ನೀನು ಹಾಗೆ ಹೇಳಿದ್ದು ನನಗೆ ತಿಳಿದದ್ದು ಊರಿಗೆ ಬಂದ ಮೇಲೆ, ನನ್ನ ಅಕ್ಕನ ಬಾಯಿಂದ. ಒಂಬತ್ತು ದಿನದ ಮೇಲೆ ಕಣ್ಣನ್ನೇ ತೆಗೆಯಬೇಕಾಯಿತು.

ಇವತ್ತಿಗೆ ಸಾಕು.

ಶುಕ್ರವಾರ

ನನ್ನ ಅಕ್ಕ, ನಿನ್ನ ಅತ್ತೆ ಟೋಕಿಲುಪೆ, ಮೊದಲೇ ಮರಳಿದ ಹಿರಿಯರಿಂದ ಸುದ್ದಿ ಕೇಳಿ ದೋಣಿಕಟ್ಟೆಯಲ್ಲೇ ಕಾದಿದ್ದಳು. ನನ್ನ ಪಟ್ಟಿ ನೋಡಿದಳು, ನಿನ್ನ ಮುಖ ನೋಡಿದಳು. "ಹೆತ್ತಪ್ಪನ ತಲೆ ಮುಟ್ಟಿದ ಕೈ ಇದು. ಕಣ್ಣು ಹೋಗದೆ ಇನ್ನೇನಾಗುತ್ತೆ?" ಎಂದಳು, ನೂರು ಜನರ ಮುಂದೆ. ಡಾಕ್ಟರು ಕೊಳೆ ಕೈ ಎಂದರು, ಅವಳು ಆ ಕೈಯೇ ಪಾಪದ್ದು ಎಂದಳು. ಮುಟ್ಟದ ಕೈಗೆ ಎರಡೂ ಕಡೆಯಿಂದ ಬಿತ್ತು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಕ್ಕನ ಮಾತಿಗೆ ತಮ್ಮ ಎದುರಾಡುವುದಿಲ್ಲ, ನಮ್ಮ ಮನೆಯಲ್ಲಿ ಅವಳ ಮಾತೇ ಕಡೆಯ ಮಾತು. ಅದರ ಹಿಂದೆ ಅಡಗಿ ಕೂತೆ, ಅದನ್ನು ಗೌರವ ಎಂದು ಕರೆದುಕೊಂಡೆ. ಚರ್ಚಿನ ಹೆಂಗಸರು ಹಬ್ಬದ ಅಡುಗೆಗೆ ನಿನ್ನನ್ನು ಸೇರಿಸಲಿಲ್ಲ. "ನಾನು ಸುಲಿದ ಗೆಣಸನ್ನೂ ಬೇರೆ ಇಟ್ರು ಅಪ್ಪಾ" ಎಂದು ನೀನು ಬಾಗಿಲಲ್ಲಿ ನಿಂತು ಹೇಳಿದೆ. "ಸ್ವಲ್ಪ ದಿನ, ಸರಿಹೋಗುತ್ತೆ" ಎಂದೆ ನಾನು. ಎರಡು ವಾರಕ್ಕೆ ನೀನು ಗಂಟು ಕಟ್ಟಿಕೊಂಡು ಹೊರಟುಹೋದೆ.

ಫುಸಿಯ ಬಳಿ ಬಾಯಿ ಬಿಟ್ಟ ಮೇಲೆ ಅಕ್ಕನ ಬಳಿ ಹೋಗದೆ ಉಪಾಯವಿರಲಿಲ್ಲ. ನನಗೆ ಹತ್ತು ವರ್ಷವಾದ ಮೇಲೆ ಅವಳೂ ನಾನೂ ಒಂದೇ ಕೋಣೆಯಲ್ಲಿ ಕೂತವರಲ್ಲ, ಅಕ್ಕ ತಮ್ಮ ಹಾಗೆ ಕೂರುವಂತಿಲ್ಲ. ಹಾಗಾಗಿ ಅವಳ ಮನೆಯ ಹೊರಗೆ, ಗೋಡೆಗೆ ಬೆನ್ನು ಕೊಟ್ಟು ಕೂತೆ. ಒಳಗೆ ಅವಳು ಚಾಪೆ ಹೆಣೆಯುತ್ತಿದ್ದಳು. ಗೋಡೆಗೆ ಹೇಳಿದಂತೆ ಎಲ್ಲವನ್ನೂ ಹೇಳಿದೆ. ಹೆಣೆಯುವ ಸದ್ದು ನಿಂತಿತು.

"ಅವಳು ಮುಟ್ಟಲೇ ಇಲ್ವಾ?"

"ಇಲ್ಲ ಅಕ್ಕಾ."

"ಒಂದು ಸಲಾನೂ?"

"ಎರಡು ವರ್ಷದವಳಿದ್ದಾಗ ಒಂದು ಸಲ."

"ಒಂಬತ್ತು ತಿಂಗಳು! ಒಂಬತ್ತು ತಿಂಗಳಿಂದ ಆ ಹುಡುಗಿ ಮೇಲೆ ನಾನು ಬೆಂಕಿ ಕಾರ್ತಿದ್ದೀನಿ, ನೀನು ಕೇಳ್ಕೊಂಡು ಗೆಣಸು ತಿನ್ಕೊಂಡು ಕೂತಿದ್ದೀಯ!"

"ನಿನ್ನ ಮಾತಿಗೆ ನಾನು ಎದುರಾಡೋ ಹಾಗಿಲ್ವಲ್ಲ ಅಕ್ಕಾ."

"ಎದುರಾಡಬಾರದು, ಸರಿ. ಅಕ್ಕನಿಗೆ ಗೊತ್ತಿಲ್ಲದ್ದನ್ನ ತಿಳಿಸಬಾರದು ಅಂತ ಯಾವ ಕಟ್ಟಳೆ ಇದೆಯೋ? ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೋ ಪೆನಿಸಿಮಾನಿ! ಈ ವಯಸ್ಸಿಗೆ, ಊರ ಮುಂದೆ!"

ಅವಳಿಗೆ ಎಪ್ಪತ್ತೊಂದು, ದನಿ ಮಾತ್ರ ಇನ್ನೂ ಮೇಳದ ಮೊದಲ ಸಾಲಿಗೆ ಸಾಕು. ಬೀದಿಯಲ್ಲಿ ಹೋಗುವವರು ನಿಂತರು. ನಾನು ಏಳಲು ಹೊರಟೆ. "ಕೂತ್ಕೋ, ಮುಗಿದಿಲ್ಲ" ಎಂದಳು. "ಭಾನುವಾರ ಚರ್ಚಲ್ಲಿ ಎದ್ದು ನಿಂತು ಹೇಳು. ನೀನು ಹೇಳದಿದ್ರೆ ನಾನು ಹೇಳ್ತೀನಿ, ನಾನು ಹೇಳಿದ್ರೆ ಚೆನ್ನಾಗಿರಲ್ಲ. ಇನ್ನೊಂದು. ನಿನ್ನ ತಲೆಗಿಂತ ಮೇಲಿರೋಳು ಈ ಮನೇಲಿ ಯಾರು?"

"ನೀನು ಅಕ್ಕಾ."

"ಹಾಗಾದ್ರೆ ನಾನು ಹೇಳ್ತಾ ಇದ್ದೀನಿ. ಅವಳು ಮುಟ್ಟಲಿ. ಮೇಲಿರೋಳು ಬಿಡಿಸಿದ ಮೇಲೆ ಕಟ್ಟು ಮುಗೀತು. ಅವಳು ಬಂದು ಹನಿ ಹಾಕಲಿ, ನೀನು ಬಾಯಿ ಮುಚ್ಕೊಂಡು ಕಣ್ಣು ಬಿಟ್ಕೊಂಡು ಮಲಗು."

ಎದ್ದು ಬರುವಾಗ ಒಳಗಿನಿಂದ ಮತ್ತೆ ಕೂಗಿದಳು. "ಅವಳಿಗೆ ಬರಿ. ಕ್ಷಮೆ ಕೇಳೋಕೆ ನನಗೆ ಬರಲ್ಲ, ಚಾಪೆ ಹೆಣೆಯೋಕೆ ಬರುತ್ತೆ. ಸೊಂಟದ ಅಳತೆ ಹಳೇದೇನಾ, ಸೊರಗಿದ್ದಾಳಾ ಕೇಳು." ಅವಳು ನಿನಗಾಗಿ ಹೆಣೆಯಲು ತೊಡಗಿರುವುದು ಸಣ್ಣ ಎಳೆಯದು, ಮದುವೆಗೆ ಉಡುವಂಥದ್ದು. ದಿನಕ್ಕೆ ಒಂದು ಗೇಣೂ ಸಾಗುವುದಿಲ್ಲವಂತೆ, ಅವಳ ಕಣ್ಣೂ ಮಂಜಾಗುತ್ತಿದೆ. ಅಳತೆ ತಪ್ಪದೆ ಬರೆ.

ಹೋದ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಹೇಳಿದೆ. ಹನಿ ಹಾಕಿಕೊಂಡದ್ದು ನಾನು, ಮಗಳು ಬಾಗಿಲು ದಾಟಲಿಲ್ಲ, ನನ್ನ ಮರ್ಯಾದೆ ಉಳಿಸಲು ಡಾಕ್ಟರ ಮುಂದೆ ತಪ್ಪು ತನ್ನದೆಂದಳು, ನಾನು ನಿದ್ದೆಯಲ್ಲಿದ್ದೆ, ತಿಳಿದ ಮೇಲೂ ಸುಮ್ಮನಿದ್ದೆ. ಇಷ್ಟು ಹೇಳಿದೆ. ಹೆಂಗಸರ ಕಡೆಯಿಂದ ಅಳು ಕೇಳಿತು. ನಿನ್ನ ಗೆಣಸನ್ನು ಬೇರೆ ಇಟ್ಟವರೇ ಹೆಚ್ಚು ಜೋರಾಗಿ ಅತ್ತರು ಎಂದು ಮೈಕೊಲೊ ಹೇಳಿದ. ಹೊರಗೆ ಬಂದ ಮೇಲೆ ಅವನು ನನ್ನ ತೋಳು ಹಿಡಿದು ನಡೆಸುತ್ತಾ, "ಅಪಸ್ವರ ಎಲ್ಲಿಂದ ಬರ್ತಿದೆ ಅಂತ ಒಂಬತ್ತು ತಿಂಗಳಿಂದ ನಮ್ಮ ಸಾಲನ್ನೇ ಬೈತಿದ್ರಲ್ಲ ಗುರುಗಳೇ" ಎಂದ. ಅವನು ಸಿಟ್ಟಿನಿಂದ ಹೇಳಿದ್ದಲ್ಲ, ಮನೆಯವರೆಗೂ ನನ್ನ ತೋಳು ಬಿಡಲಿಲ್ಲ.

ಶನಿವಾರ

ಈ ಕಾಗದವನ್ನು ಸೋಮವಾರದ ದೋಣಿಯಲ್ಲಿ ಮೈಕೊಲೊನ ಸೊಸೆ ತರುತ್ತಾಳೆ. ಓದಿದ ಮೇಲೆ ಚಿಕ್ಕಮ್ಮನಿಗೂ ಓದಿ ಹೇಳು, ಮುಚ್ಚಿಡುವಂಥದ್ದು ಇನ್ನೇನಿಲ್ಲ. ಮನೆಯ ಕೋಣೆ ನೀನು ಬಿಟ್ಟಂತೆಯೇ ಇದೆ. ಸೊಳ್ಳೆ ಪರದೆಯಲ್ಲಿ ಒಂದು ತೂತು ಬಿದ್ದಿದೆಯಂತೆ, ಹೊಲಿಸುತ್ತೇನೆ.

ಬರುವುದಾದರೆ ಇಪ್ಪತ್ತರ ಒಳಗೆ ಬಾ. ನೀನು ಬರದಿದ್ದರೆ ಆಪರೇಷನ್ ಇಲ್ಲ, ಮುಂದಿನ ತಂಡ ಯಾವ ವರ್ಷವೋ. ಇದನ್ನು ನಿನ್ನನ್ನು ಕಟ್ಟಿಹಾಕಲು ಬರೆಯುತ್ತಿಲ್ಲ. ನಿನಗೆ ಅಲ್ಲೇ ನೆಮ್ಮದಿ ಎನ್ನಿಸಿದರೆ ಅಲ್ಲೇ ಇರು, ನಾನು ಕಿವಿಯಲ್ಲೇ ಹಾಡಿಸಿಕೊಂಡು ಕಾಲ ಹಾಕುತ್ತೇನೆ. ನಿನ್ನ ಕೈಯನ್ನು ಬಾಗಿಲಲ್ಲೇ ತಡೆದದ್ದು ನನ್ನ ತಪ್ಪು. ಆ ಕೈಗೆ ಅಂಟಿದ ಹೆಸರನ್ನು ಒರೆಸಲು ಒಂಬತ್ತು ತಿಂಗಳು ತೆಗೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ನಿನ್ನನ್ನು ನಾನು ಬಹಳ ಪ್ರೀತಿಸುತ್ತೇನೆ, ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ದೇವರು ನಿನ್ನನ್ನು ನೆಲದ ಮೇಲೂ ನೀರಿನ ಮೇಲೂ ಕಾಯಲಿ. ನೀನು ಕೈ ಹಾಕಿದ ಕೆಲಸವೆಲ್ಲ ಹಸನಾಗಲಿ. ಚಿಕ್ಕಮ್ಮನಿಗೆ ನನ್ನ ನೆನಪುಗಳು.

ನಿನ್ನ ಅಪ್ಪ,
ಪೆನಿಸಿಮಾನಿ

ತಾ.ಕ.: ಕಾಗದ ಮಡಚಿ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಚರ್ಚಿನಲ್ಲಿಯೂ ಅದನ್ನೇ ಹೇಳಿದೆ. ಡಾಕ್ಟರು ಕೇಳಿದಾಗ ನನಗೆ ನಿದ್ದೆ ಬಂದಿರಲಿಲ್ಲ. ಅವರ ಪ್ರಶ್ನೆಯೂ ಕೇಳಿಸಿತು, ನಿನ್ನ ಉತ್ತರವೂ ಕೇಳಿಸಿತು. "ನಾನೇ" ಎನ್ನುವ ಮೊದಲು ನೀನು ತಿರುಗಿ ನನ್ನ ಕಡೆ ನೋಡಿದೆ, ನಾನು ಏನಾದರೂ ಹೇಳುತ್ತೇನೇನೋ ಎಂದು. ಬಲಗಣ್ಣಿಗೆ ಆಗ ಅಷ್ಟು ಕಾಣುತ್ತಿತ್ತು. ನಾನು ಅದನ್ನು ಮುಚ್ಚಿಕೊಂಡೆ.